ಹಡಗು ತಿನ್ನುವ ಹಿತ್ತಾಳೆ

ಬೆಂಕಿ ಒಂದು ಬೆಳಗಿನಲ್ಲಿ ಮಾಡಲಾಗದ್ದನ್ನು ತುಕ್ಕು ನೂರಮೂವತ್ತು ವರ್ಷಗಳಿಂದ ಸದ್ದಿಲ್ಲದೆ ಮಾಡುತ್ತಿತ್ತು. ಹಳೆಯ ಹಾಯಿ ಹಡಗು ಉಳಿಸಲು ಹೊರಟವರಿಗೆ ಉಪ್ಪುನೀರಿಗಿಂತ ದೊಡ್ಡ ತಲೆನೋವು, ಅಕ್ಕಪಕ್ಕ ಕೂತ ಎರಡು ಲೋಹಗಳ ಜಗಳ!

2007ರ ಮೇ 21, ಸೋಮವಾರ. ಲಂಡನ್ನಿನ ಗ್ರೀನಿಚ್‌ನಲ್ಲಿ ಇನ್ನೂ ಸೂರ್ಯ ಹುಟ್ಟಿಲ್ಲ. ಥೇಮ್ಸ್ ನದಿಯ ದಂಡೆಯ ಒಣ ಕಟ್ಟೆಯಲ್ಲಿ ಅರ್ಧ ಶತಮಾನದಿಂದ ನಿಂತಿದ್ದ ಹಡಗೊಂದು ಧಗಧಗನೆ ಉರಿಯುತ್ತಿದೆ. ಹೊಗೆ ನದಿಯಾಚೆಗೂ ಹಬ್ಬಿದೆ. ಅಗ್ನಿಶಾಮಕ ದಳದವರು ಪೈಪು ಹಿಡಿದು ಸುತ್ತುವರಿದಿದ್ದಾರೆ. ಬೆಳಗಾಗುವ ಹೊತ್ತಿಗೆ ಟಿ.ವಿ.ಗಳಲ್ಲೆಲ್ಲ ಒಂದೇ ಸುದ್ದಿ: ‘ಕಟ್ಟಿ ಸಾರ್ಕ್’ ಸುಟ್ಟುಹೋಯಿತು.

ಹೋಗಿರಲಿಲ್ಲ. ಆ ಹಡಗಿನ ಅರ್ಧದಷ್ಟು ಭಾಗ ಆ ದಿನ ಅಲ್ಲಿರಲೇ ಇಲ್ಲ! ಮೂರು ಪಟಗಂಬಗಳು, ಮೂತಿಯಲ್ಲಿದ್ದ ಹೆಣ್ಣುಬೊಂಬೆ, ಬಹುಪಾಲು ಹಲಗೆಗಳು ಎಲ್ಲವನ್ನೂ ಬಿಚ್ಚಿ ಬೇರೆಡೆ ಸಾಗಿಸಲಾಗಿತ್ತು. ಕಿಡಿ ಎಲ್ಲಿಂದ ಬಂತೆಂದು ತನಿಖೆ ನಡೆಸಿದವರು ಮರುವರ್ಷ ಬೊಟ್ಟು ಮಾಡಿದ್ದು ವಾರಾಂತ್ಯದಲ್ಲಿ ಆರಿಸದೆ ಬಿಟ್ಟಿದ್ದಿರಬಹುದಾದ ವ್ಯಾಕ್ಯೂಮ್ ಕ್ಲೀನರ್ ಒಂದರ ಕಡೆಗೆ. ಕೆಲಸದವರು ಅದನ್ನು ಅಲ್ಲಿಗೆ ತಂದಿದ್ದಾದರೂ ಏಕೆ? ಹಡಗನ್ನು 2006ರ ನವೆಂಬರ್‌ನಲ್ಲೇ ಮುಚ್ಚಿ, ಬಿಚ್ಚಿ ಹರಡಿದ್ದಾದರೂ ಏಕೆ?

ತುಕ್ಕಿಗಾಗಿ. ಹಲಗೆಗಳ ಹಿಂದೆ ಅಡಗಿದ್ದ ಕಬ್ಬಿಣದ ಪಕ್ಕೆಲುಬುಗಳು ಪದರ ಪದರವಾಗಿ ಕಳಚಿ ಬೀಳುತ್ತಿದ್ದವು. ಹೀಗೇ ಬಿಟ್ಟರೆ ಹಡಗು ತನ್ನ ಭಾರಕ್ಕೆ ತಾನೇ ಕುಸಿಯುವ ಹಂತ ದೂರವಿರಲಿಲ್ಲ.

ಐದು ದಿನ ತಡ

ಕಟ್ಟಿ ಸಾರ್ಕ್ ನೀರಿಗಿಳಿದದ್ದು 1869ರ ನವೆಂಬರ್ 22ರಂದು, ಸ್ಕಾಟ್ಲೆಂಡಿನ ಡಂಬಾರ್ಟನ್‌ನಲ್ಲಿ. ಚೀನಾದ ಚಹಾವನ್ನು ಎಲ್ಲರಿಗಿಂತ ಮೊದಲು ಲಂಡನ್ನಿಗೆ ಮುಟ್ಟಿಸಬೇಕೆಂಬುದು ಮಾಲೀಕ ಜಾನ್ ವಿಲ್ಲಿಸ್‌ನ ಆಸೆ. ಹಡಗು ಪೂರ್ತಿಯಾಗುವ ಮೊದಲೇ ಕಟ್ಟುತ್ತಿದ್ದ ಕಂಪನಿ ದಿವಾಳಿಯಾಯಿತು. ಉಳಿದ ಕೆಲಸ ಇನ್ನೊಬ್ಬರ ಪಾಲಿಗೆ ಬಂತು. ಸಾಲದೆಂಬಂತೆ, ಹಡಗು ನೀರು ಮುಟ್ಟುವುದಕ್ಕೆ ಐದೇ ದಿನ ಮೊದಲು ಸೂಯೆಜ್ ಕಾಲುವೆ ತೆರೆದುಕೊಂಡಿತ್ತು. ಉಗಿಹಡಗುಗಳಿಗೆ ಒಳದಾರಿ ಸಿಕ್ಕಿತು. ಹಾಯಿ ಹಡಗುಗಳಿಗೆ ಆಫ್ರಿಕಾದ ತುದಿ ಸುತ್ತುವುದೇ ಗತಿ.

ಎಂಟು ಬಾರಿ ಚಹಾ ಹೊತ್ತ ಮೇಲೆ ಆ ಕಸುಬು ಕೈಬಿಟ್ಟುಹೋಯಿತು. ಹಡಗು ನಿಜವಾಗಿ ಹೆಸರು ಮಾಡಿದ್ದು ಆಸ್ಟ್ರೇಲಿಯಾದ ಉಣ್ಣೆ ಸಾಗಿಸುವಾಗ: 1885ರಲ್ಲಿ ಸಿಡ್ನಿಯಿಂದ ಇಂಗ್ಲೆಂಡಿಗೆ 73 ದಿನ. ಅದಾದ ಮೇಲೆ ಪೋರ್ಚುಗೀಸರ ಕೈಸೇರಿ, 1922ರಲ್ಲಿ ಕ್ಯಾಪ್ಟನ್ ವಿಲ್‌ಫ್ರೆಡ್ ಡೌಮನ್ ಕೊಂಡು ತಾಯ್ನಾಡಿಗೆ ಮರಳಿಸಿ, 1954ರಲ್ಲಿ ಗ್ರೀನಿಚ್‌ನ ಒಣ ಕಟ್ಟೆ ಸೇರಿದ್ದೆಲ್ಲ ಸಾಹಸಗಳ ಸರಮಾಲೆ. ಆದರೆ ನಮ್ಮ ಕಥೆ ಇರುವುದು ಹಡಗಿನ ಹೊಟ್ಟೆಯೊಳಗೆ.

ಆ ಕಾಲದ ಹಡಗು ಕಟ್ಟುವವರಿಗೆ ಒಂದು ಇಕ್ಕಟ್ಟಿತ್ತು. ಪೂರಾ ಕಬ್ಬಿಣದ ಹಡಗು ಗಟ್ಟಿ, ಸಾಮಾನು ಹೆಚ್ಚು ಹಿಡಿಸುತ್ತದೆ. ಆದರೆ ಅದರ ಒಳಗೋಡೆ ಬೆವರುತ್ತದೆ. ಆ ಹನಿ ತಾಗಿದರೆ ಚಹಾ ಕೆಟ್ಟಿತು. ಮೇಲಾಗಿ ಬಿಸಿ ಕಡಲುಗಳಲ್ಲಿ ಕಬ್ಬಿಣದ ತಳಕ್ಕೆ ಪಾಚಿ, ಚಿಪ್ಪುಜೀವಿಗಳು ಮೆತ್ತಿಕೊಂಡು ವೇಗ ಸತ್ತುಹೋಗುತ್ತದೆ. ಮರದ ಹಡಗಾದರೆ ತಳಕ್ಕೆ ತಾಮ್ರದ ತಗಡು ಹೊದಿಸಬಹುದು. ತಾಮ್ರ ತುಸುತುಸುವೇ ಕರಗಿ ವಿಷವಾಗುವುದರಿಂದ ಏನೂ ಅಂಟುವುದಿಲ್ಲ. ಆದರೆ ಅದೇ ತಗಡನ್ನು ಕಬ್ಬಿಣದ ಮೇಲೆ ನೇರವಾಗಿ ಹೊದಿಸಿದಿರೋ, ಕಬ್ಬಿಣ ನಿರ್ನಾಮ.

ಇದಕ್ಕೆ ಕಂಡುಕೊಂಡ ದಾರಿ ಮಿಶ್ರ ಹಡಗು. ಒಳಗೆ ಮೆದುಕಬ್ಬಿಣದ ಪಕ್ಕೆಲುಬು, ಅದರ ಮೇಲೆ ತೇಗ ಮತ್ತು ಎಲ್ಮ್ ಮರದ ದಪ್ಪ ಹಲಗೆ, ನೀರಿನ ಕೆಳಗೆ ಹಲಗೆಯ ಮೇಲೆ ಮಂಟ್ಸ್ ಲೋಹದ ತಗಡು. ಬರ್ಮಿಂಗ್‌ಹ್ಯಾಮ್‌ನ ಜಾರ್ಜ್ ಮಂಟ್ಸ್ 1832ರಲ್ಲಿ ಪೇಟೆಂಟ್ ಪಡೆದ ಈ ಲೋಹ ಒಂದು ಬಗೆಯ ಹಿತ್ತಾಳೆ: ಸುಮಾರು 60 ಪಾಲು ತಾಮ್ರ, 40 ಪಾಲು ಸತು. ಜಗಳಗಂಟಿಗಳ ನಡುವೆ ಗೋಡೆ ಕಟ್ಟಿದ ಹಾಗೆ, ಹಿತ್ತಾಳೆ ಮತ್ತು ಕಬ್ಬಿಣದ ನಡುವೆ ಮರ ನಿಂತಿತು.

ಜಾಣ ಉಪಾಯವೇ. ಆದರೆ ಹಲಗೆಯನ್ನು ಪಕ್ಕೆಲುಬಿಗೆ ಕಚ್ಚಿಸಲು ಬೋಲ್ಟ್ ಬೇಕಲ್ಲ? ಆ ಬೋಲ್ಟೂ ಮಂಟ್ಸ್ ಲೋಹದ್ದೇ. ಗೋಡೆಯಲ್ಲಿ ಹೀಗೆ ಸಾಲು ಸಾಲು ಕಿಂಡಿ. ಹಲಗೆ ಉಪ್ಪುನೀರು ಕುಡಿದು ತೋಯ್ದಾಗಲೆಲ್ಲ ಪ್ರತಿ ಕಿಂಡಿಯಲ್ಲೂ ಹಿತ್ತಾಳೆ ಕಬ್ಬಿಣವನ್ನು ಕೆರೆಯಬಲ್ಲುದು.

ಕಂದು ಕಾಗದ ಹೇಳಿದ ಸತ್ಯ

ಎರಡು ಬೇರೆ ಬೇರೆ ಲೋಹ, ಎರಡನ್ನೂ ತೋಯಿಸುವ ಉಪ್ಪುನೀರು, ಎರಡರ ನಡುವೆ ನೇರ ಸಂಪರ್ಕ. ಇಷ್ಟಿದ್ದರೆ ಬ್ಯಾಟರಿ ತಯಾರು. ಲೀಟರಿಗೆ ಸುಮಾರು 35 ಗ್ರಾಂ ಉಪ್ಪಿರುವ ಕಡಲ ನೀರು ವಿದ್ಯುತ್ತಿಗೆ ರಾಜಮಾರ್ಗ. ಕಡಲ ನೀರಿನಲ್ಲಿ ಲೋಹಗಳಿಗೆ ಒಂದು ಏಣಿಯಿದೆ. ಕೆಳಗಿನ ಮೆಟ್ಟಿಲಲ್ಲಿ ಸತು, ಅಲ್ಯೂಮಿನಿಯಂ, ನಡುವೆ ಕಬ್ಬಿಣ, ಮೇಲೆ ಹಿತ್ತಾಳೆ, ತಾಮ್ರ, ಕಂಚು, ಅದಕ್ಕೂ ಮೇಲೆ, ಮೈ ಚೆನ್ನಾಗಿದ್ದಾಗ, ಸ್ಟೇನ್‌ಲೆಸ್ ಸ್ಟೀಲ್. ಜೋಡಿಯಾದ ಎರಡರಲ್ಲಿ ಕೆಳಗಿನದು ಕರಗುತ್ತದೆ, ಮೇಲಿನದು ಅದರ ಖರ್ಚಿನಲ್ಲಿ ಹಾಯಾಗಿರುತ್ತದೆ. ಮೆಟ್ಟಿಲುಗಳ ಅಂತರ ಹೆಚ್ಚಿದಷ್ಟೂ ಕರಗುವ ಅವಸರ ಹೆಚ್ಚು.

ಬ್ಯಾಟರಿ ಎಂಬ ವಸ್ತು ಹುಟ್ಟುವ ಮೊದಲೇ ಇದನ್ನು ಕಂಡವರಿದ್ದಾರೆ. 1761ರಲ್ಲಿ ಬ್ರಿಟಿಷ್ ನೌಕಾಪಡೆ ‘ಅಲಾರ್ಮ್’ ಎಂಬ ಯುದ್ಧನೌಕೆಯ ತಳಕ್ಕೆ ಪ್ರಯೋಗಕ್ಕೆಂದು ತಾಮ್ರ ಹೊದಿಸಿ ವೆಸ್ಟ್ ಇಂಡೀಸ್‌ಗೆ ಕಳಿಸಿತು. ಮರ ಕೊರೆಯುವ ಹುಳುವಿನಿಂದ ಹಡಗು ಬಚಾವಾಯಿತು. ಆದರೆ ಎರಡು ವರ್ಷಗಳಲ್ಲಿ ತಗಡು ಅಲ್ಲಲ್ಲಿ ಕಿತ್ತು ನೇತಾಡುತ್ತಿತ್ತು. ಅದನ್ನು ಹಿಡಿದಿಟ್ಟಿದ್ದ ಕಬ್ಬಿಣದ ಮೊಳೆಗಳು ಹುಡಿಯಾಗಿದ್ದವು.

ಎಲ್ಲ ಮೊಳೆಗಳೂ ಅಲ್ಲ! ಕೆಲವು ಹೊಚ್ಚ ಹೊಸದರಂತೆ ಇದ್ದವು. ಪರೀಕ್ಷಿಸಿದವರು ಅವುಗಳ ಸುತ್ತ ಒಂದು ವಿಚಿತ್ರ ಕಂಡರು: ಕಂದು ಕಾಗದದ ಚೂರು. ತಾಮ್ರದ ತಗಡುಗಳು ಹಡಗುಕಟ್ಟೆಗೆ ಕಾಗದದಲ್ಲಿ ಸುತ್ತಿಕೊಂಡು ಬಂದಿದ್ದವು. ಯಾರೋ ಸೋಮಾರಿ ಕೆಲಸಗಾರ ಅದನ್ನು ಬಿಚ್ಚುವ ಗೋಜಿಗೆ ಹೋಗದೆ ಹಾಗೇ ಹೊಡೆದಿದ್ದ. ಕಾಗದ ಉಳಿದಲ್ಲಿ ಮೊಳೆ ಉಳಿಯಿತು. ಕಡಲ ನೀರಿನಲ್ಲಿ ಕಬ್ಬಿಣ ಮತ್ತು ತಾಮ್ರ ಒಂದಕ್ಕೊಂದು ತಾಗಕೂಡದು ಎಂದು 1763ರಲ್ಲೇ ವರದಿಯಾಯಿತು. ಇಂದಿಗೂ ಹಡಗು ದುರಸ್ತಿಯ ಮೊದಲ ಪಾಠ ಅದೇ. ಆ ಸೋಮಾರಿಯ ಹೆಸರು ಯಾರೂ ಬರೆದಿಡಲಿಲ್ಲ ಎಂಬುದು ಬೇಸರದ ಸಂಗತಿ.

ವರದಿ ಬರೆದರಾಯಿತೇ? 1779ರಿಂದಾಚೆ ಯುದ್ಧದ ಗಡಿಬಿಡಿಯಲ್ಲಿ ಇಡೀ ನೌಕಾಪಡೆಗೆ ತಾಮ್ರ ಹೊದಿಸಿದರು. ನಡುವೆ ಕಾಗದ ಹಾಕಿದರು ನಿಜ. ಒಳಗಿನ ದೊಡ್ಡ ಕಬ್ಬಿಣದ ಬೋಲ್ಟ್‌ಗಳಿಗೆ ಅದು ಸಾಲಲಿಲ್ಲ. ಬೋಲ್ಟ್‌ಗಳನ್ನೇ ತಾಮ್ರದ ಮಿಶ್ರಲೋಹಕ್ಕೆ ಬದಲಿಸುವ ಬುದ್ಧಿ ಬಂದದ್ದು 1780ರ ದಶಕದಲ್ಲಿ, ಸಾಕಷ್ಟು ಹಡಗುಗಳು ಒಳಗಿಂದೊಳಗೇ ಸಡಿಲವಾದ ಮೇಲೆ.

ಕೊಚ್ಚಿಯ ಹಡಗು, ಡೇವಿಯ ಔಷಧಿ

ತಾಗದಂತೆ ತಡೆಯುವುದು ಒಂದು ದಾರಿ. ಇನ್ನೊಂದು ದಾರಿಯನ್ನು 1824ರಲ್ಲಿ ತೋರಿಸಿದವನು ಗಣಿ ಕೆಲಸಗಾರರ ರಕ್ಷಾದೀಪಕ್ಕೆ ಹೆಸರಾದ ಹಂಫ್ರಿ ಡೇವಿ. ನೌಕಾಪಡೆ ಅವನ ಮುಂದಿಟ್ಟ ದೂರು: ತಾಮ್ರದ ತಗಡೇ ಬೇಗ ಸವೆದುಹೋಗುತ್ತಿದೆ. ಡೇವಿ ಏಣಿಯ ಕೆಳಗಿನ ಮೆಟ್ಟಿಲಿನಿಂದ ಬಲಿ ಕೊಡಲೊಂದು ಲೋಹ ತಂದ. ತಾಮ್ರದ ಮೈಗೆ ಸತು ಅಥವಾ ಕಬ್ಬಿಣದ ತುಂಡು ಜೋಡಿಸಿದರೆ ಆ ತುಂಡು ಕರಗುತ್ತದೆ, ತಾಮ್ರ ಉಳಿಯುತ್ತದೆ. ತಗಡಿನ ವಿಸ್ತೀರ್ಣದ ನಲವತ್ತನೇ ಒಂದರಿಂದ ನೂರೈವತ್ತನೇ ಒಂದು ಪಾಲಿನಷ್ಟು ತುಂಡಿದ್ದರೂ ಸಾಕು.

ಪ್ರಯೋಗಕ್ಕೆ ಒಡ್ಡಿದ ಹಡಗುಗಳಲ್ಲಿ ಒಂದು ‘ಸಮರಂಗ್’. 1822ರಲ್ಲಿ ನಮ್ಮ ಪಕ್ಕದ ಕೊಚ್ಚಿಯಲ್ಲಿ ತೇಗದಿಂದ ಕಟ್ಟಿದ ಯುದ್ಧನೌಕೆ ಅದು. ಅಟ್ಲಾಂಟಿಕ್ ದಾಟಿ ನೋವಾ ಸ್ಕೋಶಿಯಾಕ್ಕೆ ಹೋಗಿ 1825ರ ಆರಂಭದಲ್ಲಿ ಮರಳಿತು, ತಾಮ್ರ ಚೆನ್ನಾಗಿತ್ತು. ಡೇವಿ ಗೆದ್ದ.

ಗೆದ್ದು ಸೋತ. ತಾಮ್ರ ಕರಗುವುದು ನಿಂತರೆ ವಿಷ ಒಸರುವುದೂ ನಿಂತಿತು. ಔಷಧಿ ಬಿದ್ದ ಬೇರೆ ಹಡಗುಗಳ ತಳದಲ್ಲಿ ಚಿಪ್ಪುಜೀವಿಗಳು ಸಂಸಾರ ಹೂಡಿದವು. ವೇಗ ಕುಸಿಯಿತು, ಕ್ಯಾಪ್ಟನ್‌ಗಳು ಗೊಣಗಿದರು, ವರ್ಷ ಕಳೆಯುವುದರೊಳಗೆ ನೌಕಾಪಡೆ ಕಡಲಿಗಿಳಿವ ಹಡಗುಗಳಿಂದ ಆ ತುಂಡುಗಳನ್ನು ಕಿತ್ತುಹಾಕಲು ಹೇಳಿತು. ಪತ್ರಿಕೆಗಳು ಲೇವಡಿ ಮಾಡಿದವು. ಇವತ್ತು ಉಕ್ಕಿನ ಹಡಗು, ಸಮುದ್ರದಾಳದ ಪೈಪ್‌ಲೈನ್, ತೈಲಬಾವಿಯ ಕಾಲುಗಳು ನಿಂತಿರುವುದು ಡೇವಿಯ ಅದೇ ತತ್ವದ ಮೇಲೆ. ಅವನ ತಪ್ಪು ಒಂದೇ: ಕರಗುವುದೇ ಕೆಲಸವಾಗಿದ್ದ ಲೋಹವನ್ನು ಕರಗದಂತೆ ಕಾಪಾಡಿದ್ದು.

---
ಬಚ್ಚಲುಮನೆಯಲ್ಲೂ ಉಂಟು

ನಿಮ್ಮ ಮನೆಯ ಸ್ಟೋರೇಜ್ ಗೀಸರ್ ಬಿಚ್ಚಿದರೆ ಹಲವು ಮಾದರಿಗಳಲ್ಲಿ ಒಂದು ಮೆಗ್ನೀಸಿಯಂ ಸರಳು ಸಿಗುತ್ತದೆ. ಉಕ್ಕಿನ ತೊಟ್ಟಿ ತೂತಾಗದಿರಲಿ ಎಂದು ಕರಗುತ್ತಿರುವ ಬಲಿಲೋಹ ಅದು. ದೋಣಿಗಳಲ್ಲಿ ನೀರು ನೋಡಿ ಲೋಹ ಆರಿಸುತ್ತಾರೆ: ಸಿಹಿನೀರಿಗೆ ಮೆಗ್ನೀಸಿಯಂ, ಕಡಲಿಗೆ ಸತು, ಅಳಿವೆಯ ಸವುಳು ನೀರಿಗೆ ಅಲ್ಯೂಮಿನಿಯಂ. ಬಲಿಲೋಹಕ್ಕೆ ಬಣ್ಣ ಬಳಿದರೆ ಅದು ಇದ್ದೂ ಇಲ್ಲದಂತೆ.
---

ಉಪ್ಪು ಬಿಡದ ಕಬ್ಬಿಣ

ಒಂದು ಸಂದೇಹ ಬರಬಹುದು. ಕಟ್ಟಿ ಸಾರ್ಕ್ 1954ರಿಂದ ನೀರಿನಲ್ಲೇ ಇರಲಿಲ್ಲವಲ್ಲ, ತುಕ್ಕು ಹೇಗೆ ಮುಂದುವರಿಯಿತು?

ಕಡಲು ಬಿಟ್ಟರೂ ಕಡಲಿನ ಉಪ್ಪು ಬಿಡಲಿಲ್ಲ. ದಶಕಗಟ್ಟಲೆ ತೋಯ್ದ ಕಬ್ಬಿಣದ ತುಕ್ಕಿನ ಪದರಗಳ ಅಡಿಯಲ್ಲಿ ಕ್ಲೋರೈಡ್ ಅವಿತು ಕೂರುತ್ತದೆ. ಅದು ಗಾಳಿಯ ತೇವವನ್ನು ಎಳೆದುಕೊಂಡು ತನ್ನದೇ ಪುಟ್ಟ ಕಡಲು ಸೃಷ್ಟಿಸಿಕೊಳ್ಳುತ್ತದೆ. ತುಕ್ಕು ಮೂಲ ಲೋಹಕ್ಕಿಂತ ಹಲವು ಪಟ್ಟು ಜಾಗ ಬೇಡುವುದರಿಂದ ಪಕ್ಕದ ಹಲಗೆಯನ್ನೂ ತಳ್ಳಿ ಸೀಳುತ್ತದೆ. ಮೇಲೆ ಬಣ್ಣ ಬಳಿದವರು ಒಳಗಿನ ಕಳ್ಳನಿಗೆ ಕಂಬಳಿ ಹೊದಿಸಿದರು, ಅಷ್ಟೆ.

ಈ ಉಪ್ಪು ಎಷ್ಟು ಮೊಂಡು ಎಂಬುದಕ್ಕೆ ಬ್ರಿಸ್ಟಲ್‌ನ ‘ಗ್ರೇಟ್ ಬ್ರಿಟನ್’ ಹಡಗು ನೋಡಬೇಕು. 1843ರಲ್ಲಿ ನೀರಿಗಿಳಿದ ಈ ಕಬ್ಬಿಣದ ಉಗಿಹಡಗು ಕೊನೆಗಾಲದಲ್ಲಿ ಎಂಜಿನ್ ಕಳಚಿಕೊಂಡು ಬರೀ ಹಾಯಿ ಹಡಗಾಗಿತ್ತು. ಫಾಕ್‌ಲ್ಯಾಂಡ್ ದ್ವೀಪದಲ್ಲಿ ಪಾಳುಬಿದ್ದಿದ್ದನ್ನು 1970ರಲ್ಲಿ ತಂದರು. ಅದರ ತುಕ್ಕಿಗೆ ಕಡಿವಾಣ ಬೀಳಬೇಕಾದರೆ ಗಾಳಿಯ ಸಾಪೇಕ್ಷ ತೇವಾಂಶ ಶೇ 20ರ ಆಸುಪಾಸಿಗೆ ಇಳಿಯಬೇಕೆಂದು ಕಾರ್ಡಿಫ್ ವಿಶ್ವವಿದ್ಯಾಲಯದ ಸಂಶೋಧಕರು ಕಂಡುಕೊಂಡರು. ಮರುಭೂಮಿಯ ಗಾಳಿ ಅದು. ಮಂಗಳೂರಿನ ಆಷಾಢದಲ್ಲಿ ಶೇ 80 ದಾಟುವುದು ಮಾಮೂಲು. 2005ರಲ್ಲಿ ಹಡಗಿನ ಸುತ್ತ ನೀರುಮಟ್ಟದಲ್ಲಿ ಗಾಜಿನ ಚಾವಣಿ ಹಾಸಿ, ಕೆಳಗಿನ ಗಾಳಿಯನ್ನು ಯಂತ್ರಗಳಿಂದ ಒಣಗಿಸತೊಡಗಿದರು. ಗಾಜಿನ ಮೇಲೆ ತೆಳುವಾಗಿ ನೀರು ನಿಲ್ಲಿಸಿರುವುದರಿಂದ ಹಡಗು ತೇಲುತ್ತಿರುವಂತೆ ಕಾಣುತ್ತದೆ. ನೀರಿನ ಕೆಳಗೆ ಒಣಹವೆ! ವಸ್ತುಸಂಗ್ರಹಾಲಯಗಳ ಲೋಕದಲ್ಲಿ ಇಷ್ಟು ಚೆಂದದ ಉಪಾಯ ಅಪರೂಪ ಎಂಬುದು ಈ ಲೇಖಕನ ಅಭಿಪ್ರಾಯ.

ಚಿಕ್ಕ ವಸ್ತುಗಳಾದರೆ ಉಪ್ಪನ್ನೇ ಹೊರಗೆಳೆಯಬಹುದು. ಮುಳುಗಿದ ಹಡಗಿನ ಫಿರಂಗಿ, ಲಂಗರುಗಳನ್ನು ಕ್ಷಾರದ ದ್ರಾವಣದಲ್ಲಿ ಮುಳುಗಿಸಿ ಸಣ್ಣ ವಿದ್ಯುತ್ ಹರಿಸಿದರೆ ಕ್ಲೋರೈಡ್ ಮೆಲ್ಲಗೆ ಹೊರಬರುತ್ತದೆ. ಮೆಲ್ಲಗೆ ಎಂದರೆ ತಿಂಗಳುಗಳು, ಕೆಲವೊಮ್ಮೆ ವರ್ಷಗಳು.

ಕಟ್ಟಿ ಸಾರ್ಕ್‌ನ ಕಬ್ಬಿಣವನ್ನು ಹಳೆ ಬಣ್ಣ, ತುಕ್ಕು ಎಲ್ಲ ಕೆರೆದು, ಶುದ್ಧಮಾಡಿ, ಹೊಸ ಲೇಪ ಕೊಟ್ಟರು. ಸತ್ವ ಕಳೆದುಕೊಂಡ ಕಡೆ ಹೊಸ ಉಕ್ಕಿನ ಆಸರೆ ಬಂತು. ಇಲ್ಲೊಂದು ಪ್ರಾಮಾಣಿಕತೆ ಮೆಚ್ಚಬೇಕು: ಮೂಲ ಕಬ್ಬಿಣಕ್ಕೆ ಬಿಳಿ ಬಣ್ಣ, ಹೊಸ ಉಕ್ಕಿಗೆ ಬೂದು ಬಣ್ಣ. ಯಾವುದು 1869ರದ್ದು, ಯಾವುದು ನಮ್ಮ ಕಾಲದ್ದು ಎಂಬುದು ಒಳಗೆ ಕಾಲಿಟ್ಟ ಶಾಲಾಮಕ್ಕಳಿಗೂ ತಿಳಿಯುತ್ತದೆ. ಹಡಗನ್ನು ಮೂರು ಮೀಟರಿಗೂ ಹೆಚ್ಚು ಮೇಲೆತ್ತಿ, ಸುತ್ತ ಗಾಜಿನ ಮಾಡು ಕಟ್ಟಿ, 2012ರ ಏಪ್ರಿಲ್‌ನಲ್ಲಿ ಮತ್ತೆ ತೆರೆದರು. ಅದೇ ವರ್ಷ ಆ ಗಾಜಿನ ಕಟ್ಟಡಕ್ಕೆ ಬ್ರಿಟನ್ನಿನ ಅತಿ ಕೆಟ್ಟ ಹೊಸ ವಾಸ್ತುವಿಗೆ ಕೊಡುವ ‘ಕಾರ್ಬಂಕಲ್ ಕಪ್’ ಸಿಕ್ಕಿತು. ಹಡಗಿಗೆ ಅದರಿಂದೇನೂ ನಷ್ಟವಾಗಲಿಲ್ಲ.

---
ಮೊಳೆಯೇ ಇಲ್ಲದ ನೌಕೆ

ಲೋಹವೇ ಇಲ್ಲದಿದ್ದರೆ ಲೋಹದ ರೋಗವೆಲ್ಲಿ? 2025ರ ಮೇ 21ರಂದು, ಗ್ರೀನಿಚ್‌ನ ಬೆಂಕಿಗೆ ಸರಿಯಾಗಿ ಹದಿನೆಂಟು ವರ್ಷವಾದ ದಿನ, ಕಾರವಾರದ ನೌಕಾನೆಲೆಯಲ್ಲಿ ‘ಐಎನ್‌ಎಸ್‌ವಿ ಕೌಂಡಿನ್ಯ’ ನೌಕಾಪಡೆ ಸೇರಿತು. ಅಜಂತಾದ ಚಿತ್ರವೊಂದನ್ನು ಆಧರಿಸಿ, ಕೇರಳದ ಕುಶಲಕರ್ಮಿಗಳು ಗೋವಾದಲ್ಲಿ ತೆಂಗಿನ ನಾರಿನ ಹಗ್ಗದಿಂದ ಹಲಗೆಗಳನ್ನು ಹೊಲಿದು ಕಟ್ಟಿದ ಹಾಯಿ ಹಡಗು ಅದು. ಪಟದ ಮೇಲೆ ಗಂಡಭೇರುಂಡ. ಅದೇ ವರ್ಷದ ಡಿಸೆಂಬರ್‌ನಲ್ಲಿ ಪೋರಬಂದರಿನಿಂದ ಮಸ್ಕತ್‌ನತ್ತ ಹೊರಟಿತು.

ಹಿಂದೂ ಮಹಾಸಾಗರದ ಹಡಗುಗಳಿಗೆ ಮೊಳೆಯಿಲ್ಲದಿರುವುದು ಪಶ್ಚಿಮದವರಿಗೆ ಒಗಟಾಗಿತ್ತು. ದಾರಿಯಲ್ಲಿರುವ ಅಯಸ್ಕಾಂತದ ಬಂಡೆ ಮೊಳೆಗಳನ್ನು ಕಿತ್ತುಕೊಳ್ಳುತ್ತದಂತೆ ಎಂಬ ಕಥೆ ಹಬ್ಬಿತ್ತು. ಕಬ್ಬಿಣ ತುಂಬಿದ ರೋಮನ್ ಹಡಗುಗಳೂ ಅಲ್ಲಿ ಓಡಾಡುತ್ತವೆ, ಅವಕ್ಕೇನೂ ಆಗಿಲ್ಲ ಎಂದು ಆರನೇ ಶತಮಾನದಲ್ಲೇ ಅದನ್ನು ತಳ್ಳಿಹಾಕಿದವನು ಇತಿಹಾಸಕಾರ ಪ್ರೊಕೋಪಿಯಸ್.
---

ಚಿಕ್ಕ ದೋಣಿ, ದೊಡ್ಡ ಪೀಕಲಾಟ

ಕಟ್ಟಿ ಸಾರ್ಕ್‌ಗೆ ಕೋಟಿಗಟ್ಟಲೆ ಪೌಂಡ್ ಸುರಿದರು. ಐವತ್ತು ಅರವತ್ತು ವರ್ಷದ ಮರದ ಹಾಯಿದೋಣಿಯೊಂದನ್ನು ಕೊಂಡು, ರಜಾದಿನಗಳಲ್ಲಿ ಉಜ್ಜುತ್ತ ಕೂರುವ ಹವ್ಯಾಸಿಗೆ ಆ ಭಾಗ್ಯವಿಲ್ಲ. ಇಲ್ಲಿ ಕೆಡುಕು ಬರುವುದು ಬಹುಪಾಲು ಒಳ್ಳೆಯ ಉದ್ದೇಶದಿಂದಲೇ.

ಹಳೆ ಸ್ಕ್ರೂ ಹಾಳಾಗಿದೆ, ಅಂಗಡಿಯಿಂದ ಫಳಫಳಿಸುವ ಹಿತ್ತಾಳೆ ಸ್ಕ್ರೂ ತಂದು ಹಾಕುತ್ತಾನೆ. ಕಡಲ ನೀರು ಹಿತ್ತಾಳೆಯೊಳಗಿನ ಸತುವನ್ನಷ್ಟೇ ಹೀರಿ, ನಸುಗೆಂಪು ಬಣ್ಣದ ಸ್ಪಂಜಿನಂಥ ತಾಮ್ರವನ್ನು ಉಳಿಸುತ್ತದೆ. ಆಕಾರ ಹಾಗೇ ಇರುತ್ತದೆ, ಬಲ ಇರುವುದಿಲ್ಲ. ಬೇಕಾದದ್ದು ಸಿಲಿಕಾನ್ ಕಂಚಿನ ಸ್ಕ್ರೂ.

ಸ್ಟೇನ್‌ಲೆಸ್ ಹಾಕಿದರಾಯಿತಲ್ಲ ಎನ್ನುವವರೂ ಇದ್ದಾರೆ. ಸ್ಟೇನ್‌ಲೆಸ್ಸಿನ ಹೊಳಪಿನ ರಹಸ್ಯ ಅದರ ಮೈಮೇಲಿನ ಕ್ರೋಮಿಯಂ ಆಕ್ಸೈಡಿನ ತೆಳುಪೊರೆ. ಆ ಪೊರೆ ಹರಿದಾಗ ಮತ್ತೆ ಕೂಡಿಕೊಳ್ಳಲು ಆಮ್ಲಜನಕ ಬೇಕು. ಒದ್ದೆ ಮರದೊಳಗೆ ಹೂತ ಬೋಲ್ಟಿಗೆ ಆಮ್ಲಜನಕ ಎಲ್ಲಿಂದ? ಹೊರಗಿನ ತಲೆ ಕನ್ನಡಿಯಂತಿದ್ದರೂ ಒಳಗೆ ಗುಳಿ ಬಿದ್ದು ಸೀಳಿರುತ್ತದೆ. ಪಟಗಂಬದ ತಂತಿಗಳನ್ನು ಒಡಲಿಗೆ ಬಿಗಿಯುವ ಪಟ್ಟಿಗಳು ಹೀಗೆ ಮುರಿದು, ಗಾಳಿಯ ನಡುವೆ ಕಂಬವೇ ಉರುಳುವುದುಂಟು. ಅದಕ್ಕೇ ಅನುಭವಿಗಳು ಪಟ್ಟಿಯನ್ನು ಬಿಚ್ಚಿ ನೋಡದೆ ನಂಬುವುದಿಲ್ಲ.

ಕೀಲ್ ಎಂದು ಕರೆಯುವ ಅಡಿಮರಕ್ಕೆ ಸೀಸದ ಅಥವಾ ಕಬ್ಬಿಣದ ಭಾರವನ್ನು ಬಿಗಿದ ಬೋಲ್ಟ್‌ಗಳದ್ದೂ ಅದೇ ಕಥೆ. ಎರಡು ತುದಿ ಗಟ್ಟಿ. ಮರ ಮತ್ತು ಭಾರ ಸೇರುವ ಸಂದಿನಲ್ಲಿ ಮಾತ್ರ ಸವೆದು ನಡುವು ಬಡಕಲು. ಎಕ್ಸ್‌ರೇ ತೆಗೆಸಬಹುದು. ಇಲ್ಲವೇ ಒಂದೆರಡನ್ನು ಹೊರಗೆಳೆದು ನೋಡಬೇಕು.

ಮರದ ಜಾತಿಯೂ ಲೆಕ್ಕಕ್ಕಿದೆ. ಓಕ್ ಮರದ ಆಮ್ಲಗಳು ಕಬ್ಬಿಣದ ಮೊಳೆಯನ್ನು ಕೊರೆದು, ಸುತ್ತ ಶಾಯಿಯಂಥ ಕಪ್ಪು ಕಲೆ ಬಿಡುತ್ತವೆ. ಮೊಳೆಯ ಜೊತೆ ಮರವೂ ಕುಂಬಾಗುತ್ತದೆ. ಎಣ್ಣೆಯಂಶದ ತೇಗ ಕಬ್ಬಿಣಕ್ಕೆ ಅಷ್ಟು ಹಗೆಯಲ್ಲ. ಮಲಬಾರಿನ ತೇಗದಿಂದ ಮುಂಬೈಯಲ್ಲಿ ವಾಡಿಯಾ ಮನೆತನದವರು 1817ರಲ್ಲಿ ಕಟ್ಟಿದ ‘ಟ್ರಿಂಕಮಲಿ’ ಇಂಗ್ಲೆಂಡಿನ ಹಾರ್ಟಲ್‌ಪೂಲ್‌ನಲ್ಲಿ ಇಂದಿಗೂ ತೇಲುತ್ತಿದೆ.

ಜಗಳಗಂಟಿ ಲೋಹಗಳನ್ನು ಜೊತೆಗಿಡಲೇಬೇಕಾದರೆ ನಡುವೆ ಕಂದು ಕಾಗದದ ಈ ಕಾಲದ ಅವತಾರಗಳನ್ನು ತುರುಕುತ್ತಾರೆ: ನೈಲಾನ್ ವಾಷರ್, ಪ್ಲಾಸ್ಟಿಕ್ ತೋಳು, ಕ್ರೋಮೇಟ್ ಬೆರೆಸಿದ ಹಳದಿ ಪೇಸ್ಟು. ಅಲ್ಯೂಮಿನಿಯಂ ಕಂಬಕ್ಕೆ ಸ್ಟೇನ್‌ಲೆಸ್ ಸ್ಕ್ರೂ ಬಿಗಿಯುವಾಗ ಆ ಪೇಸ್ಟು ಮರೆತರೆ ಕೆಲವೇ ವರ್ಷಗಳಲ್ಲಿ ಬಣ್ಣದಡಿ ಬಿಳಿ ಹುಡಿ ಉಬ್ಬುತ್ತದೆ.

ಅಳತೆಯ ಲೆಕ್ಕ ಬೇರೆ. ದೊಡ್ಡ ಕಬ್ಬಿಣದಲ್ಲಿ ಚಿಕ್ಕ ಕಂಚಿನ ಮೊಳೆಯಿದ್ದರೆ ಹೇಗೋ ನಡೆದೀತು; ದೊಡ್ಡ ತಾಮ್ರದಲ್ಲಿ ಚಿಕ್ಕ ಕಬ್ಬಿಣದ ಮೊಳೆ ಉಳಿಯದು, ಇಡೀ ತಗಡಿನ ಹಸಿವು ಆ ಒಂದು ಮೊಳೆಯ ಮೇಲೆ. 1915ರಲ್ಲಿ ಅಮೆರಿಕದ ಸಿರಿವಂತ ಅಲೆಕ್ಸಾಂಡರ್ ಕಾಕ್ರನ್ ‘ಸೀ ಕಾಲ್’ ಎಂಬ ವಿಲಾಸಿ ಹಾಯಿನೌಕೆ ಕಟ್ಟಿಸಿದ. ತುಕ್ಕೇ ಹಿಡಿಯದ ಹೊಚ್ಚ ಹೊಸ ನಿಕಲ್–ತಾಮ್ರದ ಮಿಶ್ರಲೋಹ, ಮೋನೆಲ್, ಅದರ ಹೊರಮೈ. ಒಳಚೌಕಟ್ಟು ಮಾತ್ರ ಉಕ್ಕಿನದು. ಮೋನೆಲ್‌ಗೆ ನಿಜಕ್ಕೂ ಏನೂ ಆಗಲಿಲ್ಲ. ಉಕ್ಕು ಎಷ್ಟು ಬೇಗ ಕರಗಿತೆಂದರೆ ತಿಂಗಳುಗಳಲ್ಲೇ ನೌಕೆಯನ್ನು ಗುಜರಿಗೆ ಹಾಕಬೇಕಾಯಿತು.

ಹಾಗಾದರೆ ಸುತ್ತಲೂ ಸತು ಜಡಿದುಬಿಟ್ಟರೆ? ಅತಿಯಾದರೆ ಅಮೃತವೂ ವಿಷ. ಮರದ ದೋಣಿಗೆ ಬಲಿಲೋಹ ಹೆಚ್ಚಾದರೆ ಕಾಪಾಡಲ್ಪಟ್ಟ ಲೋಹದ ಸುತ್ತ ಕ್ಷಾರ ಹುಟ್ಟಿ ಮರದ ನಾರನ್ನು ಮೆತ್ತಗಾಗಿಸುತ್ತದೆ. ಬೋಲ್ಟ್ ಭದ್ರ, ಅದನ್ನು ಹಿಡಿದ ಹಲಗೆ ಹಿಟ್ಟು. ಬೋಲ್ಟಿನ ಸುತ್ತ ಬಿಳಿ ಬೂಸಲಿನಂಥದ್ದು ಕಂಡರೆ ಸತು ಕಡಿಮೆ ಮಾಡಬೇಕೆಂದು ಅರ್ಥ.

ಇವೆಲ್ಲಕ್ಕಿಂತ ಅವಸರದ ಕೊಲೆಗಾರ, ದಾರಿತಪ್ಪಿದ ವಿದ್ಯುತ್. ತಳದ ಕೊಳೆನೀರಿನಲ್ಲಿ ಬಿದ್ದ ಬರಿಮೈ ಬ್ಯಾಟರಿ ತಂತಿ, ದಡದಿಂದ ಎಳೆದ ಕರೆಂಟಿನ ಅರ್ಥಿಂಗ್ ದೋಷ, ಇಂಥವು ವರ್ಷಗಳ ಕೆಲಸವನ್ನು ದಿನಗಳಲ್ಲಿ ಮುಗಿಸಬಲ್ಲವು. ಧಕ್ಕೆಯಲ್ಲಿ ಎರಡು ದೋಣಿ ಒಂದೇ ಅರ್ಥಿಂಗ್ ತಂತಿ ಹಂಚಿಕೊಂಡರೆ ಒಬ್ಬನ ಸತು ಪಕ್ಕದವನ ಕಂಚನ್ನು ಕಾಯುತ್ತ ಕರಗುತ್ತದೆ. ಅದಕ್ಕೆ ತಡೆಯಾಗಿ ಗ್ಯಾಲ್ವನಿಕ್ ಐಸೊಲೇಟರ್ ಎಂಬ ಪುಟ್ಟ ಡಬ್ಬಿ ಸಿಗುತ್ತದೆ.

ವರ್ಷಕ್ಕೊಮ್ಮೆ ದೋಣಿಯನ್ನು ದಡಕ್ಕೆಳೆದಾಗ ಮೊದಲು ನೋಡುವುದು ಸತುವಿನ ತುಂಡನ್ನು. ಅರ್ಧ ಸವೆದಿದ್ದರೆ ಬದಲಿಸುವ ಕಾಲ ಬಂದಿದೆ. ಪೂರ್ತಿ ಮಾಯವಾಗಿದ್ದರೆ ಎಲ್ಲೋ ಕರೆಂಟು ಸೋರುತ್ತಿದೆಯೇ ಎಂದು ಹುಡುಕಬೇಕು. ತಂದಾಗ ಹೇಗಿತ್ತೋ ಹಾಗೇ ಇದ್ದರೆ ಕೆಲವು ಮಾಲೀಕರು ದುಡ್ಡು ಉಳಿಯಿತೆಂದು ಖುಷಿಪಡುತ್ತಾರೆ. ದೋಣಿ ಬಲ್ಲವರು ಮಾತ್ರ ಆಗ ಮಲ್ಟಿಮೀಟರ್ ತರಲು ಓಡುತ್ತಾರೆ: ಸತುವಿಗೂ ಅದು ಕಾಯಬೇಕಾದ ಲೋಹಕ್ಕೂ ನಡುವಿನ ತಂತಿ ಕಡಿದುಹೋಗಿದೆ, ಇಷ್ಟು ದಿನ ಕರಗಿದ್ದು ಬೇರೆ ಯಾವುದೋ!